ಬಿಸಿಯಾದಾಗ ಮಾತ್ರ ಸಾಯುವ ಕಾರು

ಮಾರ್ಚ್ 4, ಸೋಮವಾರ

ಇವತ್ತೂ ಅದೇ ರಾಗ. ಭಾವನ ಕಾರು ಬೆಳಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಊರು ಸುತ್ತಿ ಬಿಸಿಯಾಗಿ, ಸಿಗ್ನಲ್ ಹತ್ತಿರ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು — ಪ್ರಾಣ ಬಿಡುತ್ತದೆ. ಆಮೇಲೆ ಎಷ್ಟು ಕೀ ತಿರುಗಿಸಿದರೂ ಬರೀ ಕೆಮ್ಮು. ಭಾವ ಬ್ಯಾಟರಿ ಬದಲಿಸಿದ, ಪ್ಲಗ್ ಬದಲಿಸಿದ, ಪೆಟ್ರೋಲ್ ಪಂಪ್ ಬದಲಿಸಿದ. ಬದಲಾಗದೆ ಉಳಿದದ್ದು ಭಾವ ಒಬ್ಬನೇ.

ಅಕ್ಕನ ಗಂಡ, ಈ ಗ್ಯಾರೇಜಿನ ಧಣಿ, ತಿಂಗಳಿಗೊಮ್ಮೆ ನನ್ನ ಸಂಬಳ ಮರೆಯುವವನು. ಹೆಸರಿಗೆ ಭಾವ, ಇರುವ ಭಾವ ಒಂದೇ, ರೌದ್ರ. ಸಂಜೆ ಕಾರು ಕೈ ಕೊಟ್ಟಿತು, ಭಾವ ಕೈ ಎತ್ತಿದ. ಸೋತು ಎತ್ತಿದ್ದಲ್ಲ. ಅಕ್ಕ ಊಟದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು, ಅಷ್ಟೇ ಅವಳ ತಪ್ಪು. ಕಾರಿನ ಬಾಗಿಲನ್ನು ಅವಳ ಬೆರಳುಗಳ ಮೇಲೆ ಹಾಕಿದ. ನೋಡಿಯೇ ಹಾಕಿದ. ಎರಡು ಉಗುರು ಕಪ್ಪಾಗಿವೆ.

ಮಾರ್ಚ್ 6

ಬೆರಳಿಗೆ ಪಟ್ಟಿ ಕಟ್ಟುವಾಗ ಅಕ್ಕ ಹೊರಡುವ ವಿಷಯ ತೆಗೆದಳು. ಹಿಂದೊಮ್ಮೆ ಬಸ್ಸಿನಲ್ಲಿ ಹೊರಟಿದ್ದಳು. ಭಾವ ಇದೇ ಕಾರಿನಲ್ಲಿ ಬಸ್ಸನ್ನು ಅಡ್ಡಗಟ್ಟಿ, ಜಡೆ ಹಿಡಿದು ಇಳಿಸಿದ್ದ. ಬಸ್ಸಿನವರೆಲ್ಲ ಕಿಟಕಿ ಸೀಟಿಗೆ ಬಂದು ನೋಡಿದ್ದರು.

"ಇದನ್ನ ಹಿಡಿಯೋ ಗಾಡಿ ಊರಲ್ಲೇ ಇಲ್ಲ ಅಂತ ಅವರೇ ಹೇಳ್ತಾರಲ್ಲ," ಅಂದಳು. "ಇದರಲ್ಲೇ ಹೋಗ್ತೀನಿ ಕಣೇ."

ಓಡಿಸುವುದು ಅವಳಿಗೆ ಗೊತ್ತು. ಕೀ?

ಕೀ ಸದಾ ಅವನ ಜೇಬಿನಲ್ಲಿ. ಕಾರು ಕೆಟ್ಟು ನಿಂತಾಗ ಮಾತ್ರ ಅದರಲ್ಲೇ ಬಿಟ್ಟು ಇಳಿಯುತ್ತಾನೆ. ಸತ್ತ ಕಾರನ್ನು ಯಾರು ಕದಿಯುತ್ತಾರೆ! ಅಂದರೆ ಅಕ್ಕ ಹೋಗಬೇಕಾದರೆ, ಭಾವನ ಕೈಯಲ್ಲಿ ಸತ್ತ ಕಾರು ಅಕ್ಕನ ಕೈಯಲ್ಲಿ ಬದುಕಬೇಕು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥ ಪ್ರಶ್ನೆ ಕೊಟ್ಟಿರಲಿಲ್ಲ.

ಮಾರ್ಚ್ 8

ಸಿಕ್ಕಿತು.

ಪ್ಲಗ್ ಬಿಚ್ಚಿದರೆ ಮಸಿಗಪ್ಪು, ಒದ್ದೆ, ಪೆಟ್ರೋಲ್ ವಾಸನೆ. ಇಂಜಿನ್ ಹಸಿದು ಸಾಯುತ್ತಿಲ್ಲ, ಕುಡಿದು ಸಾಯುತ್ತಿದೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ಹೋಗುವ ಗಾಳಿಯನ್ನು ಸೆನ್ಸರ್ ಲೆಕ್ಕ ಹಾಕಿ ಒಳಗೆ ಬಿಡುತ್ತದೆ. ಕಾಲು ತೆಗೆದ ಕೂಡಲೇ ಭಾವ ಆಸೆಪಟ್ಟು ಹಾಕಿದ ವಾಲ್ವ್ 'ಪ್ಶ್ಶ್' ಎಂದು ಅದನ್ನು ಬೀದಿಗೆ ಊದುತ್ತದೆ. ಆ ಸದ್ದಿಗೆ ಹುಡುಗರು ತಿರುಗಿ ನೋಡಲಿ ಅಂತ ಹಾಕಿದ್ದು. ಪಾಪ, ಕಾರಿನ ಕಂಪ್ಯೂಟರಿಗೆ ಇದು ತಿಳಿಯದು — ಎದ್ದು ಹೋದ ನೆಂಟರ ಎಲೆಗೂ ಪೆಟ್ರೋಲ್ ಬಡಿಸುತ್ತಲೇ ಇರುತ್ತದೆ. ಇಂಜಿನ್ ಮುಳುಗಿ ನಿಲ್ಲುತ್ತದೆ. ಮರಳಿ ಸ್ಟಾರ್ಟ್ ಮಾಡಹೋದರೆ ಪೆಟ್ರೋಲ್ ಚಿಮ್ಮಿಸಲು ಅವನೇ ಹಾಕಿದ ದೊಡ್ಡ ಇಂಜೆಕ್ಟರ್‌ಗಳು ಬಿಸಿ ಇಂಜಿನ್ನಿಗೆ ಚಮಚ ಸಾಕಾದಲ್ಲಿ ಚೊಂಬು ಸುರಿಯುತ್ತವೆ. ಭಾವ ಪೆಡಲನ್ನು ತುಳಿದು ತುಳಿದು ಬಿಡುತ್ತಾನೆ. ಇನ್ನಷ್ಟು ಸುರಿಯುತ್ತದೆ.

ಹೋಗಿ ಹೇಳಿದೆ. ಹೇಳಬಾರದಿತ್ತು. ಹೊಸದಾಗಿ ಕಂಡುಹಿಡಿದವರಿಗೆ ಬಾಯಿ ನಿಲ್ಲುವುದಿಲ್ಲ.

"ನಾನು ಹಾಕಿದ ವಾಲ್ವ್ ತಪ್ಪಾ?"

"ವಾಲ್ವ್ ತಪ್ಪಲ್ಲ ಭಾವ, ಈ ಕಾರಿಗೆ..."

ರಬ್ಬರ್ ಹೋಸ್ ಕೈಯಲ್ಲಿತ್ತು. ಬೆನ್ನಿಗೆ, ಆಮೇಲೆ ಮುಖಕ್ಕೆ. ನನ್ನದು ಡಿಗ್ರಿ, ಅವನದು ಥರ್ಡ್ ಡಿಗ್ರಿ.

ಮಾರ್ಚ್ 9

ಬಲಗಣ್ಣು ತೆರೆಯುತ್ತಿಲ್ಲ. ಒಂದು ಕಣ್ಣಲ್ಲಿ ಬರೆದರೆ ಸಾಲು ಸೊಟ್ಟ. ಸಾಕು.

ಮಾರ್ಚ್ 13

ರಿಪೇರಿ ಮಾಡುವುದಿಲ್ಲ. ರೋಗ ಹಾಗೇ ಇರಲಿ. ಮದ್ದು ಅಕ್ಕನಿಗೆ ಮಾತ್ರ ಗೊತ್ತಿರಲಿ.

ಮದ್ದು ಇಷ್ಟೇ: ಪೆಡಲನ್ನು ತಳಕ್ಕೆ ಒತ್ತಿ ಹಿಡಿದು ಕೀ ತಿರುಗಿಸುವುದು. ಆಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಗಾಳಿಯೊಂದೇ ಹೋಗಿ ಒಳಗೆ ಒಣಗುತ್ತದೆ, ಹತ್ತಿಕೊಳ್ಳುತ್ತದೆ. ಹೊರಟ ಮೇಲೆ ಕಾಲನ್ನು ಒಮ್ಮೆಲೇ ತೆಗೆಯದಿದ್ದರಾಯಿತು.

ಅಡುಗೆಮನೆಯ ಕಸದ ಡಬ್ಬಿಗೆ ಪೆಡಲ್ ಇದೆ. ಅದರ ಮೇಲೆ ಪಾಠ. ಅಕ್ಕನಿಗೆ ಹೆದರಿಕೆಯಲ್ಲಿ ಕಾಲು ನಡುಗಿ ಮುಚ್ಚಳ ಪಟಪಟ ಬಡಿಯುತ್ತದೆ. ಹಾಗೆ ಬಡಿದರೆ ಕಾರು ಸತ್ತೇ ಇರುತ್ತದೆ ಅಂದೆ. ಮತ್ತೆ ತುಳಿದಳು. ಮುಚ್ಚಳ ತೆರೆದೇ ನಿಂತಿತು. ಕಸದ ವಾಸನೆಗೆ ಇಬ್ಬರೂ ಮೂಗು ಮುಚ್ಚಿಕೊಂಡು ನಕ್ಕೆವು. ನಕ್ಕರೆ ನನಗೆ ತುಟಿ ಬಿರಿಯುತ್ತದೆ, ಅವಳಿಗೆ ಪಕ್ಕೆ ನೋಯುತ್ತದೆ.

"ನಾನು ಹೋದ್ರೆ ನಿನ್ನ ಗತಿ ಏನೇ?"

ಗ್ಯಾರೇಜಿನ ಹಿಂದಿನ ಬಾಗಿಲಿನಿಂದ ಓಡುತ್ತೇನೆ ಅಂದೆ. ಹಿಂದಿನ ಬಾಗಿಲಿಗೆ ಅವನು ಬೀಗ ಹಾಕಿಸಿರುವುದು ಅವಳಿಗೆ ಗೊತ್ತಿಲ್ಲ.

ಮಾರ್ಚ್ 16, ಮಧ್ಯಾಹ್ನ

ಬಿಡಿಭಾಗದ ಕೋಣೆ. ಒಳಗಿನಿಂದ ಚಿಲಕ ಹಾಕಿದ್ದೇನೆ. ಫೋನ್ ಹೊರಗೆ ಬೆಂಚಿನ ಮೇಲೆ. ಜೇಬಿನಲ್ಲಿ ಈ ಪುಸ್ತಕ ಮಾತ್ರ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಈಗಷ್ಟೇ ಕಾರು ಅಂಗಳಕ್ಕೆ ಬಂದು ಸತ್ತಿತು. ಭಾವ ತುಳಿದ, ತಿರುಗಿಸಿದ, ಬೈದ. ಇಳಿದು ಜ್ಯಾಕಿನ ರಾಡಿನಿಂದ ಹೆಡ್‌ಲೈಟ್ ಒಡೆದ. ಕೀ ಅದರಲ್ಲೇ. ಅಕ್ಕ ಗೇಟಿನ ಹತ್ತಿರ, ಡಬ್ಬಿ ಹಿಡಿದು. ಅವನು ಅವಳ ಕಡೆಗೆ ತಿರುಗಿದ. ಅವನು ಆ ಕಡೆ ಹೋಗಬಾರದಿತ್ತು. ಅದಕ್ಕೆ ನಾನೇ ಕರೆದು, "ಅದೇ ವಾಲ್ವ್ ಭಾವ, ಹೇಳಿರಲಿಲ್ವಾ," ಅಂದೆ. ನಗುತ್ತ ಅಂದೆ. ನಗದಿದ್ದರೆ ಅವನು ನನ್ನತ್ತ ಬರುತ್ತಿರಲಿಲ್ಲ.

ಬಂದ. ಎಡಗೈ ಮೊಣಕೈ ಕೆಳಗೆ ಮುರಿದಿದೆ ಅನಿಸುತ್ತದೆ. ಬರೆಯುವ ಕೈ ಅಲ್ಲ, ಪುಣ್ಯ. ಓಡಿ ಬಂದು ಈ ಕೋಣೆ ಸೇರಿದೆ.

ರಾಡ್ ಈಗ ಬಾಗಿಲ ಮೇಲೆ. ಮರದ ಚಕ್ಕೆ ಈ ಹಾಳೆಯ ಮೇಲೆ ಬೀಳುತ್ತಿದೆ.

ಸ್ಟಾರ್ಟರ್ ಸದ್ದು. ಅಕ್ಕ. ನಿಂತಿತು.

ರಾಡೂ ನಿಂತಿತು. ಕೇಳಿಸಿಕೊಳ್ಳುತ್ತಿದ್ದಾನೆ. "ನಿಮ್ಮ ಅಪ್ಪನ ಕೈಲೂ ಆಗಲ್ಲ ಕಣೇ ಅದು," ಅಂತ ಅಲ್ಲಿಂದಲೇ ಕೂಗಿದ. ಮತ್ತೆ ಬಾಗಿಲಿಗೆ.

ಸ್ಟಾರ್ಟರ್ ಮತ್ತೆ. ಉದ್ದವಾಗಿ... ತಳಕ್ಕೆ ಅಕ್ಕಾ, ತಳಕ್ಕೆ, ಬಿಡಬೇಡ — ಕೆಮ್ಮಿತು — ಮತ್ತೊಂದು ಕೆಮ್ಮು —

ಹತ್ತಿತು.

ಭಾವ ಓಡಿದ. ಗೇಟಿಗೆ ಕಾರು ತಾಗಿದ ಸದ್ದು. ತಗಡು ಕಿತ್ತ ಸದ್ದು. ಎರಡನೇ ಗೇರ್. ಮೂರನೇ. ಮೂಲೆಯ ತಿರುವಿನಲ್ಲಿ ನಿಲ್ಲಲಿಲ್ಲ. ಈಗ ಕೇಳಿಸುತ್ತಲೇ ಇಲ್ಲ.

ಹೆಜ್ಜೆ ವಾಪಸು ಬರುತ್ತಿದೆ. ಅವಸರವಿಲ್ಲ. ರಾಡನ್ನು ನೆಲದ ಮೇಲೆ ಎಳೆಯುವ ಸದ್ದು.

ಬಾಗಿಲ ಆಚೆ ನಿಂತಿದ್ದಾನೆ. ಬಡಿಯುತ್ತಿಲ್ಲ. ಇಷ್ಟು ಮೆಲ್ಲಗೆ ಅವನು ಮಾತಾಡಿದ್ದು ಎಂದೂ ಕೇಳಿಲ್ಲ.

"ಹೇಗೆ ಸ್ಟಾರ್ಟ್ ಆಯ್ತು ಅದು?"

ಕೊನೆಗೂ ಕೇಳಿದ. ಉತ್ತರ ತುಂಬ ಸುಲಭ ಭಾವ. ನೀವು ತುಳಿದು ತುಳಿದು ಬಿಡುತ್ತಿದ್ದಿರಿ. ಅವಳು ಒಮ್ಮೆ ಒತ್ತಿ ಹಿಡಿದು, ಆಮೇಲೆ ಏನೇ ಆದರೂ