ಕತ್ತಲೆ ಕೋಣೆಯ ಬೀಗದ ಕೈ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ ಎಕ್ಸ್-ರೇ ವಿಭಾಗದಿಂದ ನಮಸ್ಕಾರಗಳು.

ಮುಂದಿನ ಸಾಂಕ್ರಾಮಿಕಕ್ಕೆಂದು ನಿನ್ನೆ ನಡೆದ ತಾಲೀಮಿನಲ್ಲಿ ನಾವೆಲ್ಲ ಅಕ್ಕ ಎನ್ನುವ ನಮ್ಮ ಹಿರಿಯ ತಂತ್ರಜ್ಞೆಯ ತಪ್ಪಿಗೆ ಎಲ್ಲರೊಡನೆ ತಾವೂ ನಕ್ಕಿರಿ. ರೋಗಿಯಾಗಿ ನಿಂತಿದ್ದ ವಾಚ್‌ಮನ್‌ಗೆ ಅಕ್ಕ, "ಉಸಿರು ಎಳೆದು ಹಿಡ್ಕೊಳ್ಳಿ" ಎಂದರು. ಚಿತ್ರ ತೆಗೆದಂತೆ ಮಾಡಿದ ಮೇಲೆ "ಬಿಡಿ" ಎನ್ನುವುದನ್ನು ಮರೆತರು. ಕೊನೆಗೆ ಅವನೇ ಬುಸ್ಸೆಂದು ಬಿಟ್ಟು, "ಅಕ್ಕಾ, ಉಸಿರು ಬಿಡ್ಲೋ, ಪ್ರಾಣಾನೇ ಬಿಡ್ಲೋ?" ಎಂದ.

ಗಾಜಿನ ಈಚೆ ಅಕ್ಕನ ಪಕ್ಕದಲ್ಲಿ ನಾನಿದ್ದೆ. ಅವರೂ ಉಸಿರು ಹಿಡಿದು ನಿಂತಿದ್ದರು. ಕಳೆದ ಸಾಂಕ್ರಾಮಿಕದಲ್ಲಿ ಅವರು ಎದೆಯ ಚಿತ್ರ ತೆಗೆದ ಎಷ್ಟೋ ಜನ ಮನೆಗೆ ಮರಳಲಿಲ್ಲ. ಅವರಲ್ಲಿ ಅಕ್ಕನ ತಮ್ಮನೂ ಒಬ್ಬ. ಇಂದು ಬೆಳಿಗ್ಗೆ ಅವರು ದಾಖಲೆ ವಿಭಾಗಕ್ಕೆ ವರ್ಗ ಕೇಳಿದ್ದಾರೆ. ಅವರು ಹೋದರೆ ನಮಗೆ ಕೆಲಸ ಕಲಿಸುವವರಿಲ್ಲ.

ತಮ್ಮ ಸಿದ್ಧತಾ ಯೋಜನೆಯಲ್ಲಿ ಮಾಸ್ಕ್ ಇದೆ, ಗೌನ್ ಇದೆ, ಹೊಸ ಯಂತ್ರವೂ ಇದೆ. ಯಂತ್ರ ನಡೆಸುವವರಿಗೆ ಅತ್ತು ಮುಖ ತೊಳೆಯಲು ಒಂದು ಮೂಲೆ ಮಾತ್ರ ಇಲ್ಲ. ಹಿಂದೆ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳಿವೆ. ಅದರ ಬೀಗದ ಕೈ ಕೊಡಿಸಿ. ಕಿಟಕಿಗೆ ಬಳಿದ ಕಪ್ಪು ಬಣ್ಣವನ್ನು ನಾವೇ ಕೆರೆದು ತೆಗೆಯುತ್ತೇವೆ. ಮನೋವೈದ್ಯರು ವಾರಕ್ಕೊಮ್ಮೆ ಅಲ್ಲಿಗೆ ಬಂದು ಕೂರಲಿ. ಇಷ್ಟು ಆಗುವವರೆಗೆ ಅಕ್ಕನ ವರ್ಗದ ಅರ್ಜಿಗೆ ಸಹಿ ಹಾಕಬೇಡಿ. ಹೀಗೆ ಕೇಳುತ್ತೇನೆಂದು ಅವರಿಗೂ ಹೇಳಿದ್ದೇನೆ.

ಮೊದಲು ಬರೆದ ಪತ್ರದ ತುಂಬ ನಾನು ಓದಿದ ನೌಕರರ ಸಂಘದ ಕರಪತ್ರಗಳ ಘೋಷಣೆಗಳೇ ಇದ್ದವು. ಅದನ್ನು ನೋಡಿ ಅಕ್ಕ, "ಮೊದ್ಲು ಉಸಿರು ಬಿಡೋ ಮಹಾರಾಯ, ಆಮೇಲೆ ಬರಿ" ಎಂದರು.

ಬಿಟ್ಟೆ. ಉಳಿದದ್ದು ಇಷ್ಟು.

ಬೀಗದ ಕೈಗಾಗಿ ಕಾದಿರುವ,
ಎಕ್ಸ್-ರೇ ವಿಭಾಗದ ಕಿರಿಯ ತಂತ್ರಜ್ಞ