ಬಚ್ಚಲಲ್ಲಿ ಒಣಹಾಕಿದ್ದ ಫಿಲಂ

ವಿರೂಪಾಕ್ಷಿಪುರ, ಶನಿವಾರ

ತಂಗಿ ಸಿದ್ದಮ್ಮನಿಗೆ ಆಶೀರ್ವಾದ. ಈ ದಿನ ಒಪ್ಪೊತ್ತು. ಬಾಗಿಲು ಸಾರಿಸಿ, ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬರೆಯಲು ಕುಳಿತೆ. ಬಸುರಿ ಮಗಳು ಗಂಗಲಕ್ಷ್ಮಿ ಆರೋಗ್ಯವಾಗಿದ್ದಾಳೆ. ಅವಳ ನಾದಿನಿ ಮೈಸೂರಲ್ಲಿ ಪೇಪರಿನ ಫೋಟೋ ತೆಗೆಯುವ ಓದು ಓದುತ್ತಾಳೆ. ರಜಕ್ಕೆ ಅತ್ತಿಗೆಯ ಜೊತೆ ನಮ್ಮಲ್ಲಿಗೇ ಬಂದು, ಬಚ್ಚಲ ಕಿಟಕಿಗೆ ಕಂಬಳಿ ಕಟ್ಟಿ ಫಿಲಂ ತೊಳೆಯುತ್ತಾಳೆ. ಒಣಹಾಕಿದ್ದನ್ನು ಬೆಳಕಿಗೆ ಹಿಡಿದೆ. ನಮ್ಮ ಗಂಗಲಕ್ಷ್ಮಿಯ ಮುಖ ಕಪ್ಪು, ತಲೆ ಬೆಳ್ಳಗೆ! ತೆಗೆದವಳನ್ನೇ ಕೂಗಿ ಕರೆದು ತೋರಿಸಿದೆ.

"ಅದು ಉಲ್ಟಾ ಕಣತ್ತೆ, ಕಾಗದಕ್ಕೆ ಬಂದ್ರೆ ಸರಿಯಾಯ್ತದೆ" ಅಂತ ನಗುತ್ತಾಳೆ.

"ಬಸುರೀನ ಯಾಕವ್ವ ತೆಗ್ದೆ?"

"ಪರೀಕ್ಷೆಗಲ್ಲ, ನಂಗೇ ಅಂತ."

ಅವಳಿಗೇಕೆ? ಬಸುರಿಯ ಫೋಟೋ ತೆಗೆದರೆ ಕೂಸಿಗೆ ಆಗಿಬರದು ಅನ್ನುತ್ತಾರೆ; ಅವಳ ಮಾತಲ್ಲಿ ನನಗೆ ನಂಬಿಕೆಯಿಲ್ಲ. ಆ ತುಂಡನ್ನು ಕತ್ತರಿಸಿ ದೇವರ ಪಟದ ಹಿಂದೆ ಇಟ್ಟಿದ್ದೇನೆ; ಅವಳು ಮನೆಯೆಲ್ಲ ಹುಡುಕುತ್ತಿದ್ದಾಳೆ. ಸುಡಲೋ, ಕೊಡಲೋ, ನಿಮ್ಮ ದೊಡ್ಡಮಳೂರಿನ ಅರ್ಚಕರನ್ನು ಕೇಳಿ ಬರೆ. ಅಂಚೆಗೆ ಹಾಕಬೇಡ, ಬಂದ ಕಾಗದವನ್ನೆಲ್ಲ ಅವಳೇ ಮೊದಲು ಓದುತ್ತಾಳೆ. ಗುರುವಾರ ಗೂಡು ಮಾರಿ ಬರುವಾಗ ಪಕ್ಕದ ಮನೆ ಅಂಕಯ್ಯ ನಿನ್ನಲ್ಲಿಗೆ ಬರುತ್ತಾನೆ, ಉತ್ತರವನ್ನು ಅವನ ಕೈಲೇ ಕಳಿಸು.

ನಿನ್ನ ಅಕ್ಕ