ಬಿಳಿ ಏಪ್ರನ್ನಿಗೆ ಮಡಿಲಕ್ಕಿ

ಪರಲೋಕದ ಮಹಾಸಭೆಯ ಮಾನ್ಯ ಅಧ್ಯಕ್ಷರೇ, ಅಕ್ಕಪಕ್ಕ ಆಸೀನರಾಗಿರುವ ಸಮಸ್ತ ಪಿತೃಗಳೇ, ದಯವಿಟ್ಟು ಗದ್ದಲ ಬೇಡ. ರಾಬರ್ಟ್‌ಸನ್‌ಪೇಟೆಯ ಈ ಕನ್ನಡ ಬಿ.ಎ. ಬರೆದ ಪತ್ರವನ್ನು ತಮ್ಮಲ್ಲಿ ಅಕ್ಷರ ಬಲ್ಲವರೊಬ್ಬರು ನನ್ನ ತಾಯಿಗೆ ಓದಿ ಹೇಳಬೇಕು. ಆಕೆಗೆ ಓದು ಬಾರದು. ಬೈಗುಳ ಮಾತ್ರ ಪ್ರಾಸಬದ್ಧವಾಗಿ ಬರುತ್ತದೆ. ನನಗೆ ಪ್ರಾಸದ ಚಟ ಹತ್ತಿದ್ದೂ ಅಲ್ಲಿಂದಲೇ.

ಅವ್ವಾ,

ನಿನ್ನೆ ಸಂಜೆ ಬಂಗಾರಪೇಟೆಯಲ್ಲಿ ಮದರಾಸಿನ ಗಾಡಿ ಇಳಿದು ನಮ್ಮೂರ ಗಾಡಿ ಹತ್ತಿದಾಗಿನಿಂದ ನಿನಗೆ ಹೇಳಬೇಕೆಂದು ಒದ್ದಾಡುತ್ತಿದ್ದೇನೆ. ನಿನ್ನ ಮೊಮ್ಮಗಳು ಪದ್ಮ ನರ್ಸಾಗುತ್ತಿದ್ದಾಳೆ. ಬರೀ ನರ್ಸಲ್ಲ, ಬಿ.ಎಸ್ಸಿ. ನರ್ಸು. ಜೆಸುಯಿಟ್ ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಓದು. ಕನ್ನಡದಲ್ಲಿ ಕಲಿತ ಹುಡುಗಿ ಈಗ ಮೈಯೊಳಗಿನ ಮೂಳೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಕರೆಯುತ್ತಾಳೆ. ನಾನು ಓದಿ ಕಲಿತದ್ದು ಅಲಂಕಾರ, ಅವಳು ಕಲಿಯುತ್ತಿರುವುದು ಉಪಕಾರ. ಹೇಗಿದೆ?

ನೀನು ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳು ನೆನಪಿವೆಯೇ? ಪದ್ಮ ಶಾಲೆ ಬಿಟ್ಟವಳೇ ಬಂದು ನಿನ್ನನ್ನು ಮಗ್ಗುಲಾಗಿಸಿ ಬೆನ್ನಿನ ಹುಣ್ಣು ಒರೆಸುತ್ತಿದ್ದಳು. ನರ್ಸ್ ಓದುತ್ತೇನೆಂದು ಅವಳು ಹಟ ಹಿಡಿದದ್ದು ಅಲ್ಲಿಯೇ. ನೀನು ನನಗೆ ಅಪ್ಪಣೆ ಕೊಟ್ಟದ್ದೂ ಅಲ್ಲಿಯೇ: "ಪಾದ್ರಿಗಳು ಮಗೀನ ತಲೆ ಮ್ಯಾಲೆ ಏನಾರಾ ಮಡಗಿದ್ರೆ ಕರ್ಕೊಂಡ್ ಬಂದ್ಬುಡ್ಲಾ. ಆಮ್ಯಾಕೆ ಅವ್ಳು ನಮ್ಮೋಳಲ್ಲ." ಈ ಮಾತನ್ನು ನಿನ್ನ ಸೊಸೆ ಗೌರಿಯ ಮುಂದೆ ನಾನು ಎಷ್ಟು ಸಲ ಒಪ್ಪಿಸಿದ್ದೇನೋ...

ಹೋದ ವಾರ ಪದ್ಮಳ ಕಾಗದ ಬಂತು. ವಾರ್ಡಿಗೆ ಕಾಲಿಡುವ ಮುಂಚೆ ಹುಡುಗಿಯರ ಕೈಗೆ ದೀಪ ಕೊಟ್ಟು, ತಲೆಗೆ ಬಿಳಿ ಟೋಪಿ ಇಟ್ಟು, ಪಾದ್ರಿಗಳಿಂದ ಹರಸಿಸುತ್ತಾರಂತೆ. ತಲೆಗೆ! ನನಗೆ ಅನ್ನ ಸೇರಲಿಲ್ಲ. "ಅವ್ವ ಹೇಳಿದ್ದು ಇದನ್ನೇ. ಹೋಗಿ ಕರ್ಕೊಂಡ್ ಬರೋಣ" ಎಂದೆ. ಗೌರಿ "ಓಗಾಣ" ಎಂದಳು, ಒಂದು ಗಂಟು ಕಟ್ಟಿಕೊಂಡಳು. ಬುತ್ತಿ ಇರಬೇಕು ಅಂದುಕೊಂಡೆ.

ಆ ಸಭಾಂಗಣವನ್ನು ನೀನು ನೋಡಬೇಕಿತ್ತು. ಸಾಲಾಗಿ ನಿಂತ ಹುಡುಗಿಯರು, ಗಂಜಿ ಹಾಕಿದ ಏಪ್ರನ್ನುಗಳು, ಕೈಕೈಯಲ್ಲೂ ದೀಪ. ಪದ್ಮಳ ಸರದಿ ಬಂತು. ಮ್ಯಾಟ್ರನ್ ಟೋಪಿ ಎತ್ತಿಕೊಂಡರು, ಬಿಳಿಗಡ್ಡದ ಪಾದ್ರಿ ಕೈ ಎತ್ತಿದರು, ನಾನು ಎದ್ದೆ. ನನಗಿಂತ ಮೊದಲು ಗೌರಿ ಎದ್ದಿದ್ದಳು. ಗಂಟು ಹಿಡಿದು ನೆಟ್ಟಗೆ ವೇದಿಕೆ ಹತ್ತಿ, "ಒಡ್ಡೇ" ಎಂದಳು. ಪದ್ಮ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದರಲ್ಲಿ ಏಪ್ರನ್ನಿನ ಅಂಚು ಎತ್ತಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ ಎಲ್ಲ ಅದರೊಳಗೆ ಬಿತ್ತು. ಗಂಡನ ಮನೆಗೆ ಹೊರಟ ಮಗಳಿಗೆ ಕೊಡುವ ಮಡಿಲಕ್ಕಿ, ಅವ್ವಾ, ಮದುವೆಯೇ ಆಗದವಳಿಗೆ.

ನಾನು ಕೆಳಗಿನಿಂದಲೇ, "ಏಯ್, ಇದ್ಯಾವ ಶಾಸ್ತ್ರನೇ?" ಎಂದೆ.

"ಎಣ್ಮಕ್ಳನ್ನ ಕಳ್ಸಿಕೊಡಾಕೆ ನಂಗೆ ಇನ್ನೊಂದ್ ಸಾಸ್ತ್ರ ಗೊತ್ತಿಲ್ಲ. ನಿಮ್ ಬೀಯೆನಾಗೆ ಇದ್ರೆ ಏಳಿ."

ಬಿ.ಎ.ಯಲ್ಲಿ ಇರಲಿಲ್ಲ.

ಹಣೆಗಿಡುವಾಗ ಏಪ್ರನ್ನಿನ ಮೇಲೆ ಕುಂಕುಮ ಉದುರಿತು, ಮ್ಯಾಟ್ರನ್ ಮುಖ ಏಪ್ರನ್ನಿಗಿಂತ ಬೆಳ್ಳಗಾಯಿತು. ಪಾದ್ರಿ ತಮಿಳಿನಲ್ಲಿ, "ಎನ್ನಮ್ಮಾ ಇದು?" ಎಂದರು. ಅಮ್ಮ ನನ್ನನ್ನು ಕಳಿಸಿಕೊಡುತ್ತಿದ್ದಾಳೆ ಫಾದರ್, ಎಂದು ಪದ್ಮಳೂ ತಮಿಳಿನಲ್ಲೇ ಹೇಳಿದಳು. ಅವರು ಎತ್ತಿದ್ದ ಕೈ ಇಳಿಸಿ, ಗೌರಿ ಮುಗಿಸುವವರೆಗೂ ಕಾದರು. ಪಕ್ಕದ ಹುಡುಗಿಯ ಮನೆಯಿಂದ ಯಾರೂ ಬಂದಿರಲಿಲ್ಲವೇನೋ, ಸುಮ್ಮನೆ ತನ್ನ ಏಪ್ರನ್ನನ್ನೂ ಒಡ್ಡಿದಳು. ಅವಳಿಗೂ ಒಂದು ಹಿಡಿ. ಆಮೇಲೆ ಟೋಪಿ.

ಕೈಯಲ್ಲಿ ದೀಪ, ತಲೆಗೆ ಟೋಪಿ,
ಕೆಳಗೆ ನಿಂತವ ಒಬ್ಬನೇ ಪಾಪಿ.

ಎಲ್ಲ ಮುಗಿದ ಮೇಲೆ ಪದ್ಮ ನನ್ನ ಹತ್ತಿರ ಬಂದಳು. "ಅಪ್ಪಾ, ನನ್ನ ಕರ್ಕೊಂಡೋಗಾಕೆ ಬಂದಿದ್ಯಂತೆ?"

"ನಿಮ್ಮಜ್ಜಿ ಹೇಳಿದ್ದರಲ್ಲಮ್ಮ, ತಲೆ ಮೇಲೆ ಏನಾದರೂ..."

"ಅಜ್ಜಿ ಏಳಿದ್ರಾ? ಯಾವಾಗ? ನಾನು ಕಡೇವರ್ಗೂ ಪಕ್ದಾಗೇ ಇದ್ನಲ್ಲಪ್ಪ."

ನಾನು ಅವಳ ಏಪ್ರನ್ನಿನ ಮೇಲಿನ ಕುಂಕುಮ ಕೊಡವತೊಡಗಿದೆ.

ಸಾಕು, ಅವ್ವಾ. ನೀನು ಅಂಥ ಅಪ್ಪಣೆ ಕೊಡಲೇ ಇಲ್ಲ. ನೀನು ಕೊನೆಗೆ ಕೇಳಿದ್ದು ಒಂದು ಗುಟುಕು ನೀರು, ಕೊಟ್ಟವಳು ಪದ್ಮ. ಮಗಳು ಕೈತಪ್ಪುತ್ತಾಳೆಂದು ಹೆದರಿದವನು ನಾನು. ಹೆದರಿಕೆ ಎನ್ನಲು ನಾಚಿಕೆಯಾಗಿ ಅದನ್ನು ನಿನ್ನ ಬಾಯಿಗೆ ತುರುಕಿದೆ. ನೀನು ಎದ್ದು ಬಂದು ಇಲ್ಲವೆನ್ನುವುದಿಲ್ಲವಲ್ಲ. ಈ ಪತ್ರದಲ್ಲೂ ಇಷ್ಟು ಹೊತ್ತು ಅದನ್ನೇ ಮಾಡಿದೆ.

ನಾವಿಬ್ಬರೇ ವಾಪಸು ಬಂದೆವು. ಇವತ್ತು ಬೆಳಿಗ್ಗೆ ಅವಳು ಮೊದಲ ಸಲ ವಾರ್ಡಿಗೆ ಹೋಗಿದ್ದಾಳೆ.